ಮರ್ಜ್ ವಾಪಸಾಯಿತು, ಫೈಲುಗಳು ಯಾಕೆ ಉಳಿದವು?

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಒಂದು ಬ್ರಾಂಚನ್ನು (ಕೆಲಸದ ಪ್ರತ್ಯೇಕ ಕವಲನ್ನು) ಇನ್ನೊಂದಕ್ಕೆ ಸೇರಿಸಿದಿರಿ, ಅಂದರೆ ಮರ್ಜ್ ಮಾಡಿದಿರಿ. ಏನೋ ಸರಿ ಬರಲಿಲ್ಲ, ವಾಪಸ್ ತೆಗೆದಿರಿ. ಗಿಟ್ ಲಾಗ್‌ನಲ್ಲಿ ಮರ್ಜ್‌ನ ಸುಳಿವೇ ಇಲ್ಲ. ಆದರೆ ಗಿಟ್ ಸ್ಟೇಟಸ್ ಕೊಟ್ಟರೆ ಕೆಂಪು ಬಣ್ಣದಲ್ಲಿ ಉದ್ದದ ಪಟ್ಟಿ. ನೀವು ಬರೆಯದ, ಇನ್ನೊಂದು ಬ್ರಾಂಚಿನಿಂದ ಬಂದ ಫೈಲುಗಳೆಲ್ಲ ‘ಅನ್‌ಟ್ರ್ಯಾಕ್ಡ್’ ಆಗಿ, ಅಂದರೆ ಗಿಟ್‌ನ ಲೆಕ್ಕಕ್ಕೆ ಸೇರದೆ ಕೂತಿವೆ. ಇರಲಿ, ಇನ್ನೊಮ್ಮೆ ಮರ್ಜ್ ಮಾಡೋಣ ಅಂದರೆ ಗಿಟ್ ಒಪ್ಪುವುದಿಲ್ಲ. ಈ ಅನ್‌ಟ್ರ್ಯಾಕ್ಡ್ ಫೈಲುಗಳ ಮೇಲೆ ಬರೆಯಬೇಕಾಗುತ್ತದೆ, ಮೊದಲು ಇವನ್ನು ಎತ್ತಿಡಿ ಅಥವಾ ಅಳಿಸಿ ಅನ್ನುತ್ತದೆ.

ಈ ಹಂತದಲ್ಲಿ ಜಾಸ್ತಿ ಜನ ಹುಡುಕಿ ತಂದು ಓಡಿಸುವ ಕಮ್ಯಾಂಡ್ ಒಂದೇ: ಗಿಟ್ ಕ್ಲೀನ್ -ಎಫ್‌ಡಿ. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದಕ್ಕೆ ಮರ್ಜ್‌ನ ಕಸ ಯಾವುದು, ನೀವು ನಿನ್ನೆ ಬರೆದು ಇನ್ನೂ ಆ್ಯಡ್ ಮಾಡದ (ಗಿಟ್‌ನ ಲೆಕ್ಕಕ್ಕೆ ಸೇರಿಸದ) ಫೈಲ್ ಯಾವುದು ಅಂತ ಗೊತ್ತಿಲ್ಲ. ಎರಡನ್ನೂ ಒಂದೇ ಸಲಕ್ಕೆ ಗುಡಿಸಿಹಾಕುತ್ತದೆ. ನನ್ನ ಪ್ರಕಾರ ಕ್ಲೀನ್ ಕೊನೆಯ ಮದ್ದು. ಅದಕ್ಕಿಂತ ಒಳ್ಳೆಯ ದಾರಿ ಇದೆ. ಅದು ಯಾಕೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಗಿಟ್ ಫೈಲುಗಳನ್ನು ಅಳಿಸುವುದು ಯಾವ ಆಧಾರದ ಮೇಲೆ ಅನ್ನುವುದು ಗೊತ್ತಿರಬೇಕು.

(ಕಮ್ಯಾಂಡುಗಳನ್ನು ಉಚ್ಚಾರದ ಪ್ರಕಾರ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರ ಬಳಸಿ.)

ಗಿಟ್‌ಗೆ ಮೂರು ಜಾಗಗಳಿವೆ. ಒಂದು, ಕಮಿಟ್‌ಗಳ (ದಾಖಲಿಸಿಟ್ಟ ಬದಲಾವಣೆಗಳ) ಇತಿಹಾಸ. ಅದರಲ್ಲಿ ನೀವು ಈಗ ನಿಂತಿರುವ ಜಾಗ ಹೆಡ್. ಎರಡು, ಇಂಡೆಕ್ಸ್. ಸ್ಟೇಜಿಂಗ್ ಅಂತ ಕರೆಯುವುದು ಇದನ್ನೇ. ಯಾವ ಯಾವ ಫೈಲುಗಳು ತನ್ನ ಲೆಕ್ಕದಲ್ಲಿವೆ ಅಂತ ಗಿಟ್ ಬರೆದಿಟ್ಟುಕೊಂಡಿರುವ ಪಟ್ಟಿ ಅದು. ಮೂರು, ವರ್ಕಿಂಗ್ ಟ್ರೀ, ಅಂದರೆ ಡಿಸ್ಕಿನ ಮೇಲೆ ಕಣ್ಣಿಗೆ ಕಾಣುವ ಫೈಲುಗಳು. ಮರ್ಜ್ ಮಾಡಿದಾಗ ಮೂರೂ ಬದಲಾಗುತ್ತವೆ. ವಾಪಸ್ ತೆಗೆಯುವಾಗ ಮೂರೂ ಹಿಂದಕ್ಕೆ ಬರಬೇಕು. ಆದರೆ ನೀವು ಕೊಟ್ಟ ಕಮ್ಯಾಂಡ್ ಯಾವುದು ಅನ್ನುವುದರ ಮೇಲೆ ಕೆಲವು ಸಲ ಎರಡೇ ಬರುತ್ತವೆ, ಕೆಲವು ಸಲ ಒಂದೇ.

ಗಿಟ್ ರೀಸೆಟ್ --ಸಾಫ್ಟ್ ಹೆಡ್ ಅನ್ನು ಮಾತ್ರ ಹಿಂದಕ್ಕೆ ಒಯ್ಯುತ್ತದೆ. --ಹಾರ್ಡ್ ಮೂರನ್ನೂ ಒಯ್ಯುತ್ತದೆ. ಏನೂ ಹೇಳದೆ ಸುಮ್ನೆ ಗಿಟ್ ರೀಸೆಟ್ ಹೆಡ್~1 (ಒಂದು ಕಮಿಟ್ ಹಿಂದಕ್ಕೆ) ಅಂತ ಕೊಟ್ಟರೆ ಅದು --ಮಿಕ್ಸೆಡ್. ಹೆಡ್ ಮತ್ತು ಇಂಡೆಕ್ಸ್ ಹಿಂದೆ ಹೋಗುತ್ತವೆ, ಡಿಸ್ಕಿನ ಫೈಲುಗಳು ಇದ್ದಲ್ಲೇ ಇರುತ್ತವೆ. ಉಳಿಕೆ ಫೈಲುಗಳ ಕಥೆ ಬಹುಪಾಲು ಶುರುವಾಗುವುದು ಈ ಮಿಕ್ಸೆಡ್‌ನಿಂದಲೇ.

ಮದುವೆ ಮುಗಿದ ಮೇಲೆ ಶಾಮಿಯಾನದವರು ಬಂದು ಕುರ್ಚಿ, ಪಾತ್ರೆ ಎತ್ತುವುದು ತಮ್ಮ ಪಟ್ಟಿ ನೋಡಿ. ಪಟ್ಟಿ ಮೊದಲೇ ಹರಿದುಹೋಗಿದ್ದರೆ ಯಾವ ಕುರ್ಚಿ ತಮ್ಮದು, ಯಾವುದು ಮನೆಯವರದು ಅಂತ ಹೇಳುವುದು ಹೇಗೆ? ಎಲ್ಲ ಬಿಟ್ಟು ಹೋಗುತ್ತಾರೆ. ಮಿಕ್ಸೆಡ್ ರೀಸೆಟ್ ಮಾಡುವುದು ಇದನ್ನೇ. ಫೈಲುಗಳನ್ನು ಎತ್ತುವ ಮೊದಲೇ ಪಟ್ಟಿಯನ್ನು ಹಳೆಯದಕ್ಕೆ ಬದಲಿಸಿಬಿಡುತ್ತದೆ. ಆಮೇಲೆ ಗಿಟ್ ಚೆಕ್‌ಔಟ್ ಡಾಟ್ ಅಥವಾ ಗಿಟ್ ರೀಸೆಟ್ --ಹಾರ್ಡ್ ಕೊಟ್ಟರೂ ಹಳೆಯ ಪಟ್ಟಿಯಲ್ಲಿದ್ದ ಫೈಲುಗಳಷ್ಟೇ ಸರಿಯಾಗುತ್ತವೆ. ಮರ್ಜ್ ಹೊಸದಾಗಿ ತಂದವುಗಳ ತಂಟೆಗೆ ಗಿಟ್ ಹೋಗುವುದಿಲ್ಲ. ಅವು ಅದರ ಪಾಲಿಗೆ ಈಗ ಅಪರಿಚಿತ ಫೈಲುಗಳು.

ಅಂದಮೇಲೆ ಮದ್ದು ಏನು? ಪಟ್ಟಿಯನ್ನು ಮತ್ತೆ ಕೊಡುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೇನ್ ಬ್ರಾಂಚಿಗೆ ಪೇಮೆಂಟ್ ಬ್ರಾಂಚನ್ನು ಮರ್ಜ್ ಮಾಡಿದಿರಿ, ಮರ್ಜ್ ಕಮಿಟ್ ಆಯಿತು. ಆಮೇಲೆ ಗಿಟ್ ರೀಸೆಟ್ ಹೆಡ್~1 ಕೊಟ್ಟಿರಿ. ಈಗ ಯುಪಿಐ.ಪಿವೈ, ರೀಫಂಡ್.ಪಿವೈ ಎಲ್ಲ ಅನ್‌ಟ್ರ್ಯಾಕ್ಡ್. ಜೊತೆಗೆ ನಿಮ್ಮದೇ ಟಿಪ್ಪಣಿ.ಟಿಎಕ್ಸ್‌ಟಿ ಕೂಡ ಅದೇ ಪಟ್ಟಿಯಲ್ಲಿದೆ. ಗಿಟ್ ಒಂದು ಉಪಕಾರ ಮಾಡಿರುತ್ತದೆ: ರೀಸೆಟ್ ಮಾಡಿದಾಗಲೆಲ್ಲ ಅದಕ್ಕೆ ಮೊದಲು ಹೆಡ್ ಎಲ್ಲಿತ್ತು ಅನ್ನುವುದನ್ನು ಒರಿಜ್_ಹೆಡ್ ಅನ್ನುವ ಹೆಸರಲ್ಲಿ ಬರೆದಿಡುತ್ತದೆ. ಆದ್ದರಿಂದ ಒರಿಜ್_ಹೆಡ್ ಈಗ ಆ ಮರ್ಜ್ ಕಮಿಟ್ಟನ್ನೇ ತೋರಿಸುತ್ತಿದೆ. ಹೀಗೆ ಮಾಡಿ:

ಗಿಟ್ ರೀಸೆಟ್ ಒರಿಜ್_ಹೆಡ್
ಗಿಟ್ ಸ್ಟೇಟಸ್
ಗಿಟ್ ರೀಸೆಟ್ --ಹಾರ್ಡ್ ಒರಿಜ್_ಹೆಡ್

ಮೊದಲನೆಯದು ಮಿಕ್ಸೆಡ್ ರೀಸೆಟ್. ಹೆಡ್ ಮತ್ತು ಇಂಡೆಕ್ಸ್ ಮರ್ಜ್ ಕಮಿಟ್ಟಿಗೆ ವಾಪಸ್ ಹೋಗುತ್ತವೆ, ಯುಪಿಐ.ಪಿವೈ ಮತ್ತೆ ಪಟ್ಟಿಗೆ ಸೇರುತ್ತದೆ. ಎರಡನೆಯದು ನೋಡಿಕೊಳ್ಳಲು. ಈಗ ಅನ್‌ಟ್ರ್ಯಾಕ್ಡ್ ಅಂತ ಉಳಿದಿರುವುದು ನಿಮ್ಮ ಟಿಪ್ಪಣಿ ಮಾತ್ರ ಆಗಿರಬೇಕು. ಮೊದಲ ರೀಸೆಟ್‌ನಿಂದ ಒರಿಜ್_ಹೆಡ್ ಕೂಡ ಬದಲಾಗಿದೆ, ಈಗ ಅದು ಮರ್ಜ್‌ಗೆ ಹಿಂದಿನ ಕಮಿಟ್ಟನ್ನು ತೋರಿಸುತ್ತದೆ. ಹಾಗಾಗಿ ಮೂರನೆಯ ಸಾಲು ಪಟ್ಟಿ ಹಿಡಿದುಕೊಂಡು, ಮರ್ಜ್ ತಂದ ಪ್ರತಿಯೊಂದು ಫೈಲನ್ನೂ ತಾನೇ ಎತ್ತಿಹಾಕುತ್ತದೆ. ಟಿಪ್ಪಣಿ ಇದ್ದಲ್ಲೇ ಇರುತ್ತದೆ. ಕ್ಲೀನ್ ಬೇಕಾಗಲೇ ಇಲ್ಲ, ಅಲ್ವಾ?

ಎಚ್ಚರ ಒಂದೇ. ಮರ್ಜ್ ಆದಮೇಲೆ ಟ್ರ್ಯಾಕ್ ಆಗಿರುವ ಫೈಲುಗಳಲ್ಲಿ ನೀವು ಬೇರೆ ಏನಾದರೂ ತಿದ್ದಿದ್ದರೆ ಹಾರ್ಡ್ ರೀಸೆಟ್ ಅದನ್ನು ನುಂಗುತ್ತದೆ. ನಡುವಿನ ಸ್ಟೇಟಸ್ ಇರುವುದೇ ಅದಕ್ಕೆ. ಇನ್ನು ನಡುವೆ ಬೇರೆ ರೀಸೆಟ್, ರೀಬೇಸ್ ಮಾಡಿ ಒರಿಜ್_ಹೆಡ್ ಬೇರೆಲ್ಲೋ ಹೋಗಿದ್ದರೂ ಚಿಂತೆ ಬೇಡ. ಹೆಡ್ ಎಲ್ಲೆಲ್ಲಿ ಇತ್ತು ಅಂತ ದಾಖಲಿಸುವ ಗಿಟ್ ರೆಫ್‌ಲಾಗ್‌ನಲ್ಲಿ ಮರ್ಜ್ ಕಮಿಟ್ಟಿನ ಗುರುತು ಸಿಗುತ್ತದೆ. ಯಾವ ಬ್ರಾಂಚಿಗೂ ಸೇರದ ಕಮಿಟ್ಟುಗಳ ದಾಖಲೆಯೂ ಅಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ.

ಹೆಡ್~1 ಬಗ್ಗೆಯೂ ಒಂದು ಮಾತು. ಮರ್ಜ್ ಫಾಸ್ಟ್ ಫಾರ್ವರ್ಡ್ ಆಗಿದ್ದರೆ, ಅಂದರೆ ಮೇನ್‌ನಲ್ಲಿ ಹೊಸದೇನೂ ಇಲ್ಲದೆ ಅದು ಪೇಮೆಂಟ್‌ನ ತುದಿಗೆ ಸುಮ್ಮನೆ ಸರಿದಿದ್ದರೆ, ಮರ್ಜ್ ಕಮಿಟ್ ಅನ್ನುವುದೇ ಇರುವುದಿಲ್ಲ. ಪೇಮೆಂಟ್ ಬ್ರಾಂಚಿನಲ್ಲಿ 12 ಕಮಿಟ್ ಇದ್ದರೆ ಹೆಡ್~1 ಬರೀ ಕೊನೆಯದೊಂದನ್ನು ತೆಗೆಯುತ್ತದೆ, 11 ಕಮಿಟ್ಟಿನ ಫೈಲುಗಳು ಮೇನ್‌ನಲ್ಲೇ ಇರುತ್ತವೆ. ಇವು ಅನ್‌ಟ್ರ್ಯಾಕ್ಡ್ ಕೂಡ ಅಲ್ಲ, ಆದ್ದರಿಂದ ಸ್ಟೇಟಸ್‌ನಲ್ಲೂ ಕಾಣುವುದಿಲ್ಲ. ಮರ್ಜ್ ಮುಗಿದ ತಕ್ಷಣ ಒರಿಜ್_ಹೆಡ್ ಮರ್ಜ್‌ಗೆ ಹಿಂದಿನ ಜಾಗವನ್ನು ತೋರಿಸುತ್ತಿರುತ್ತದೆ. ಎಣಿಸುವ ಬದಲು ಅದನ್ನೇ ಬಳಸುವುದು ವಾಸಿ.

ಇದೆಲ್ಲ ಮರ್ಜ್ ಕಮಿಟ್ ಆಗಿದ್ದರೆ. ಕಾನ್‌ಫ್ಲಿಕ್ಟ್ ಬಂದು (ಎರಡು ಬ್ರಾಂಚುಗಳ ಬದಲಾವಣೆ ಒಂದಕ್ಕೊಂದು ಹೊಂದದೆ) ನಡುವೆ ನಿಂತಿದ್ದರೆ ಗಿಟ್ ಮರ್ಜ್ --ಅಬಾರ್ಟ್ ಸರಿಯಾದ ದಾರಿ, ಅದು ಮೂರೂ ಜಾಗಗಳನ್ನು ನೋಡಿಕೊಳ್ಳುತ್ತದೆ. ಆದರೆ ಗಾಬರಿಯಲ್ಲಿ ಯಾರೋ ಸುಮ್ನೆ ಗಿಟ್ ರೀಸೆಟ್ ಅಂತ ಹೊಡೆದಿದ್ದರೆ? ಮರ್ಜ್ ನಡೆಯುತ್ತಿದೆ ಅಂತ ಗುರುತು ಹಾಕಿದ್ದ ಮರ್ಜ್_ಹೆಡ್ ಫೈಲೂ ಹೋಗಿರುತ್ತದೆ. ಈಗ ಅಬಾರ್ಟ್ ಕೊಟ್ಟರೆ ನಿಲ್ಲಿಸಲು ಯಾವ ಮರ್ಜೂ ಇಲ್ಲ ಅನ್ನುತ್ತದೆ ಗಿಟ್. ಮರ್ಜ್ ಕಮಿಟ್ಟೂ ಆಗಿಲ್ಲ, ಆದ್ದರಿಂದ ಒರಿಜ್_ಹೆಡ್ ಉಪಾಯವೂ ನಡೆಯುವುದಿಲ್ಲ. ಇಲ್ಲಿ ಪಟ್ಟಿಯನ್ನು ಕೈಯಲ್ಲೇ ಮಾಡಿಕೊಳ್ಳಬೇಕು.

ಕಷ್ಟವೇನಲ್ಲ. ಪೇಮೆಂಟ್ ಬ್ರಾಂಚ್ ಹೊಸದಾಗಿ ಸೇರಿಸಿದ ಫೈಲುಗಳು ಯಾವುವು ಅಂತ ಗಿಟ್‌ಗೆ ಗೊತ್ತು:

ಗಿಟ್ ಡಿಫ್ --ನೇಮ್-ಓನ್ಲಿ --ನೋ-ರೀನೇಮ್ಸ್ --ಡಿಫ್-ಫಿಲ್ಟರ್=ಎ ಹೆಡ್...ಪೇಮೆಂಟ್

ಈಗ ಡಿಸ್ಕಿನ ಮೇಲೆ ಲೆಕ್ಕಕ್ಕಿಲ್ಲದೆ ಬಿದ್ದಿರುವವು ಯಾವುವು ಅಂತಲೂ ಗೊತ್ತು:

ಗಿಟ್ ಎಲ್‌ಎಸ್-ಫೈಲ್ಸ್ --ಅದರ್ಸ್ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್

ಎರಡು ಪಟ್ಟಿಗಳಲ್ಲೂ ಇರುವ ಹೆಸರುಗಳೇ ಮರ್ಜ್‌ನ ಉಳಿಕೆ. ಎರಡನ್ನೂ ಸಾರ್ಟ್ ಮಾಡಿ ಕಾಮ್ -12 ಕೊಟ್ಟರೆ ಅವು ಮಾತ್ರ ಸಿಗುತ್ತವೆ. ಮೊದಲ ಕಮ್ಯಾಂಡಿನಲ್ಲಿ --ನೋ-ರೀನೇಮ್ಸ್ ಮರೆಯಬೇಡಿ. ಅದಿಲ್ಲದಿದ್ದರೆ ಹೆಸರು ಬದಲಾಗಿ ಬಂದ ಫೈಲುಗಳನ್ನು ಗಿಟ್ ‘ಹೊಸದು’ ಅಂತ ಎಣಿಸದೆ ಬಿಟ್ಟುಬಿಡುತ್ತದೆ. ಎರಡನೆಯದನ್ನು ಪ್ರಾಜೆಕ್ಟಿನ ಮೇಲಿನ ಫೋಲ್ಡರಿನಲ್ಲಿ ನಿಂತೇ ಓಡಿಸಿ, ಒಳಗೆಲ್ಲೋ ನಿಂತರೆ ಆ ಫೋಲ್ಡರಿನಷ್ಟನ್ನೇ ತೋರಿಸುತ್ತದೆ.

ಈ ಪಟ್ಟಿಯಲ್ಲಿರುವ ಫೈಲುಗಳನ್ನು ಧೈರ್ಯವಾಗಿ ಅಳಿಸಬಹುದು. ಯಾಕೆಂದರೆ ಅವುಗಳ ಅಸಲು ಪೇಮೆಂಟ್ ಬ್ರಾಂಚಿನ ಕಮಿಟ್ಟಿನಲ್ಲಿದೆ, ಬೇಕಾದಾಗ ತೆಗೆದುಕೊಳ್ಳಬಹುದು. ಕಾನ್‌ಫ್ಲಿಕ್ಟ್ ಬಿಡಿಸುವಾಗ ಅವುಗಳನ್ನು ತಿದ್ದಿದ್ದೀರಾ ಅನ್ನುವ ಅನುಮಾನ ಇದ್ದರೆ ಗಿಟ್ ಹ್ಯಾಶ್-ಆಬ್ಜೆಕ್ಟ್ ಯುಪಿಐ.ಪಿವೈ ಮತ್ತು ಗಿಟ್ ರೆವ್-ಪಾರ್ಸ್ ಪೇಮೆಂಟ್:ಯುಪಿಐ.ಪಿವೈ ಎರಡರ ಉತ್ತರ ಹೋಲಿಸಿ. ಒಂದೇ ಬಂದರೆ ಅಕ್ಷರ ಬಿಡದೆ ಒಂದೇ ಫೈಲ್. ಅಪಾಯದಲ್ಲಿರುವುದು ಈ ಪಟ್ಟಿಗೆ ಬಾರದ ಫೈಲುಗಳು. ಅವುಗಳ ಪ್ರತಿ ಗಿಟ್ ಹತ್ತಿರ ಎಲ್ಲೂ ಇಲ್ಲ.

ಕ್ಲೀನ್ ಕಮ್ಯಾಂಡಿನ ಬಗ್ಗೆ ನನ್ನ ಹಿಂಜರಿಕೆಗೆ ಕಾರಣ ಇದೇ. ಗಿಟ್‌ನಲ್ಲಿ ಕಳೆದುಕೊಂಡದ್ದು ಬಹುತೇಕ ಸಿಗುತ್ತದೆ ಅನ್ನುವ ನಂಬಿಕೆ ಎಲ್ಲರಿಗೂ ಇದೆ. ಒಮ್ಮೆ ಆ್ಯಡ್ ಮಾಡಿದ್ದರೂ ಸಾಕು, ಅದರ ಪ್ರತಿ ಒಳಗೆ ಸೇರಿರುತ್ತದೆ. ಅಬಾರ್ಟ್‌ನಲ್ಲಿ ಅಳಿದುಹೋದರೂ ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್ ಕೊಟ್ಟು ಹುಡುಕಬಹುದು, ಹೆಸರಿಲ್ಲದೆ ಬರೀ ಹ್ಯಾಶ್‌ನಲ್ಲಿ (ಗಿಟ್ ಕೊಡುವ ಗುರುತಿನ ಸಂಖ್ಯೆಯಲ್ಲಿ) ಸಿಕ್ಕರೂ ಸಿಗುತ್ತದೆ. ಆದರೆ ಒಮ್ಮೆಯೂ ಆ್ಯಡ್ ಆಗದ ಫೈಲನ್ನು ಕ್ಲೀನ್ ಅಳಿಸಿದರೆ ಹೋಯಿತು. ಬಳಸಲೇಬೇಕಾದರೆ ಮೊದಲು -ಎನ್ ಕೊಡಿ, ಏನೇನು ಹೋಗುತ್ತದೆ ಅಂತ ಹೇಳಿ ಸುಮ್ಮನಾಗುತ್ತದೆ. -ಐ ಕೊಟ್ಟರೆ ಕೇಳಿ ಕೇಳಿ ಅಳಿಸುತ್ತದೆ. ಅದಕ್ಕಿಂತಲೂ ವಾಸಿ ಅಂದರೆ ಗಿಟ್ ಸ್ಟ್ಯಾಶ್ ಪುಶ್ --ಇನ್‌ಕ್ಲೂಡ್-ಅನ್‌ಟ್ರ್ಯಾಕ್ಡ್. ಕಣ್ಣೆದುರಿನಿಂದ ಕಸ ಹೋಗುತ್ತದೆ, ತಪ್ಪಿ ಹೋದದ್ದು ಇದ್ದರೆ ವಾಪಸ್ ಸಿಗುತ್ತದೆ.

ಉಳಿದರೆ ಏನಾಯಿತು, ಇರಲಿ ಬಿಡಿ ಅನ್ನುವವರೂ ಇದ್ದಾರೆ. ಉಳಿಕೆ ಫೈಲುಗಳು ಸುಮ್ಮನೆ ಕೂರುವುದಿಲ್ಲ, ಅದೇ ತೊಂದರೆ. ಗೋ ಭಾಷೆಯಲ್ಲಿ ಒಂದು ಫೋಲ್ಡರಿನ ಎಲ್ಲ ಗೋ ಫೈಲುಗಳೂ ಸೇರಿ ಒಂದು ಪ್ಯಾಕೇಜ್. ಉಳಿದುಕೊಂಡ ಫೈಲೂ ಸೇರಿಕೊಂಡು ಅದೇ ಫಂಕ್ಷನ್ ಎರಡು ಸಲ ಇದೆ ಅಂತ ಕಂಪೈಲರ್ ಕೂಗುತ್ತದೆ. ಪೈಥಾನಿನ ವೆಬ್ ಚೌಕಟ್ಟಾದ ಜಾಂಗೋದಲ್ಲಿ ಮೈಗ್ರೇಷನ್ (ಡೇಟಾಬೇಸಿನ ರಚನೆ ಬದಲಿಸುವ ಕೋಡ್) ಫೋಲ್ಡರಿನಲ್ಲಿ ಒಂದು ಫೈಲ್ ಉಳಿದರೂ ಸಾಕು, ಅದನ್ನೂ ಸಾಲಿಗೆ ಸೇರಿಸಿಕೊಳ್ಳುತ್ತದೆ. ನೀವು ಹೊಸದೊಂದು ಮೈಗ್ರೇಷನ್ ಮಾಡಿದರೆ ಎರಡು ತುದಿಗಳಿವೆ, ಯಾವುದು ಕೊನೆಯದು ಅಂತ ತಗಾದೆ ತೆಗೆಯುತ್ತದೆ. ಮರ್ಜ್ ಆಗಿದ್ದಾಗ ಮೈಗ್ರೇಟ್ ಓಡಿಸಿದ್ದರಂತೂ ಡೇಟಾಬೇಸಿನಲ್ಲಿ ಆದ ಬದಲಾವಣೆ ಹಾಗೇ ಇರುತ್ತದೆ. ಅಂಥ ಕಡೆ ಮೊದಲು ಮೈಗ್ರೇಷನ್ ಹಿಂದಕ್ಕೆ ತೆಗೆದು ಆಮೇಲೆ ಫೈಲ್ ಅಳಿಸಬೇಕು. ಉಲ್ಟಾ ಮಾಡಿದರೆ ಹಿಂದಕ್ಕೆ ತೆಗೆಯುವ ಕೋಡೇ ಕೈಯಲ್ಲಿರುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು, ಯಾರೋ ಗಮನಿಸದೆ ಗಿಟ್ ಆ್ಯಡ್ -ಎ ಹೊಡೆದು ಕಮಿಟ್ ಮಾಡುವುದು. ಪೇಮೆಂಟ್ ಬ್ರಾಂಚಿನ ಫೈಲುಗಳು ಈಗ ಮೇನ್‌ನಲ್ಲಿ, ಬೇರೆಯವರ ಹೆಸರಲ್ಲಿ, ಇತಿಹಾಸವೇ ಇಲ್ಲದೆ ಬಂದು ಕೂರುತ್ತವೆ. ಅತ್ತ ಪೇಮೆಂಟ್ ಬ್ರಾಂಚಿನವರು ಅದೇ ಫೈಲನ್ನು ಮುಂದೆ ತಿದ್ದುತ್ತಾರೆ. ಮುಂದಿನ ಮರ್ಜ್‌ನಲ್ಲಿ ಗಿಟ್ ಕಣ್ಣಿಗೆ ಎರಡೂ ಕಡೆ ಬೇರೆ ಬೇರೆಯಾಗಿ ಹುಟ್ಟಿದ ಒಂದೇ ಹೆಸರಿನ ಎರಡು ಫೈಲುಗಳು. ಹೋಲಿಸಲು ಸಾಮಾನ್ಯ ಪೂರ್ವಜ ಇಲ್ಲ, ಆದ್ದರಿಂದ ಎರಡೂ ಕಡೆ ಸೇರಿಸಲಾಗಿದೆ ಅನ್ನುವ ಕಾನ್‌ಫ್ಲಿಕ್ಟ್.

ಫೈಲುಗಳೆಲ್ಲ ಹೋದರೂ ಫೋಲ್ಡರ್ ಉಳಿಯುವುದು ಇನ್ನೊಂದು ತಕರಾರು. ಗಿಟ್ ಫೋಲ್ಡರುಗಳನ್ನು ಲೆಕ್ಕ ಇಡುವುದಿಲ್ಲ, ಫೈಲುಗಳನ್ನು ಮಾತ್ರ. ಹಾರ್ಡ್ ರೀಸೆಟ್ ಕೊನೆಯ ಫೈಲ್ ಅಳಿಸಿದ ಮೇಲೆ ಫೋಲ್ಡರ್ ಖಾಲಿಯಾದರೆ ಅದನ್ನೂ ತೆಗೆಯುತ್ತದೆ. ಆದರೆ ಒಳಗೆ ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಲೆಕ್ಕಿಸಬಾರದ ಫೈಲುಗಳ ಪಟ್ಟಿಯಲ್ಲಿ) ಬರೆದಿರುವ ಏನಾದರೂ ಇದ್ದರೆ, ಪೈಥಾನಿನ ಪೈಕ್ಯಾಶ್ ಅನ್ನಿ, ಬಿಲ್ಡ್ ಫೈಲುಗಳು ಅನ್ನಿ, ಫೋಲ್ಡರ್ ಹಾಗೇ ಇರುತ್ತದೆ. ಪೈಥಾನಿನಲ್ಲಿ ಇದರ ಪರಿಣಾಮ ತಮಾಷೆಯಾಗಿದೆ. 3.3 ಆವೃತ್ತಿಯಿಂದ ಇನಿಟ್ ಫೈಲ್ ಇಲ್ಲದ ಫೋಲ್ಡರನ್ನೂ ಪ್ಯಾಕೇಜ್ ಅಂತ ಇಂಪೋರ್ಟ್ ಮಾಡಬಹುದು. ಆದ್ದರಿಂದ ಪೇಮೆಂಟ್ಸ್ ಫೋಲ್ಡರಿನಲ್ಲಿ ಕೋಡ್ ಏನೂ ಉಳಿಯದಿದ್ದರೂ ಇಂಪೋರ್ಟ್ ಪೇಮೆಂಟ್ಸ್ ಸಲೀಸಾಗಿ ಓಡುತ್ತದೆ. ಮಾಡ್ಯೂಲ್ ಇದೆಯೇ ಅಂತ ಇಂಪೋರ್ಟ್ ಮಾಡಿ ಪರೀಕ್ಷಿಸುವ ಕೋಡ್ ಇದ್ದರೆ ಅದು ಮೋಸಹೋಗುತ್ತದೆ. ಮೋಸ ಬಯಲಾಗುವುದು ಬಹಳ ಮುಂದೆ, ಸಂಬಂಧವೇ ಇಲ್ಲದ ಸಾಲಿನಲ್ಲಿ.

ಇಂಥವನ್ನು ತೆಗೆಯಲು ಗಿಟ್ ಕ್ಲೀನ್‌ಗೆ ಎಕ್ಸ್ ಸೇರಿಸಬೇಕು. ಸಣ್ಣ ಎಕ್ಸ್ ಅಂದರೆ ಇಗ್ನೋರ್ ಆದವೂ ಸೇರಿ ಎಲ್ಲ ಅನ್‌ಟ್ರ್ಯಾಕ್ಡ್ ಫೈಲುಗಳು. ದೊಡ್ಡ ಎಕ್ಸ್ ಅಂದರೆ ಇಗ್ನೋರ್ ಆದವು ಮಾತ್ರ. ನೆನಪಿಡಿ, ಪಾಸ್‌ವರ್ಡ್ ಇಟ್ಟಿರುವ ಡಾಟ್ ಇಎನ್‌ವಿ ಫೈಲ್ ಕೂಡ ಇಗ್ನೋರ್ ಆದದ್ದೇ. ಆ ಒಂದು ಫೋಲ್ಡರಿನ ಹೆಸರು ಕೊಟ್ಟೇ ಓಡಿಸಿ, ಇಡೀ ಪ್ರಾಜೆಕ್ಟಿಗೆ ಬೇಡ.

ಡಾಟ್ ಇಎನ್‌ವಿಯ ವಿಷಯ ಬಂದಿದ್ದಕ್ಕೆ ಒಂದು ಉಲ್ಟಾ ಪ್ರಸಂಗ ಹೇಳಬೇಕು. ಇಲ್ಲಿ ಫೈಲ್ ಉಳಿಯುವುದಲ್ಲ, ಮಾಯವಾಗುವುದು. ಇನ್ನೊಂದು ಬ್ರಾಂಚಿನಲ್ಲಿ ಯಾರೋ ತಪ್ಪಿ ಡಾಟ್ ಇಎನ್‌ವಿಯನ್ನು ಕಮಿಟ್ ಮಾಡಿದ್ದಾರೆ ಅಂದುಕೊಳ್ಳಿ. ನಿಮ್ಮ ಕಡೆ ಅದು ಇಗ್ನೋರ್. ಅನ್‌ಟ್ರ್ಯಾಕ್ಡ್ ಫೈಲಿನ ಮೇಲೆ ಬರೆಯಲು ಹಿಂಜರಿಯುವ ಗಿಟ್, ಇಗ್ನೋರ್ ಆದ ಫೈಲಿನ ಮೇಲೆ ಮರ್ಜ್ ಮಾಡುವಾಗ ಕೇಳದೆಯೇ ಬರೆಯುತ್ತದೆ. ಇಗ್ನೋರ್ ಅಂದರೆ ಬೇಡದ್ದು ಅಂತ ಅದರ ಲೆಕ್ಕ. ಆಮೇಲೆ ನೀವು ಮರ್ಜ್ ವಾಪಸ್ ತೆಗೆದಾಗ ತಾನು ತಂದ ಡಾಟ್ ಇಎನ್‌ವಿಯನ್ನು ಗಿಟ್ ನಿಯತ್ತಾಗಿ ಅಳಿಸುತ್ತದೆ. ನಿಮ್ಮದು ಮರ್ಜ್ ಆದಾಗಲೇ ಹೋಯಿತು, ಅವರದು ಈಗ ಹೋಯಿತು. ವಾಪಸ್ ತೆಗೆದ ಮೇಲೆ ಆ್ಯಪ್ ಏಳುತ್ತಲೇ ಇಲ್ಲ ಅಂದರೆ ಇದನ್ನೊಮ್ಮೆ ನೋಡಿ.

ಟೂಲ್‌ಗಳು ಬಿಟ್ಟುಹೋಗುವ ಕಸ ಇಷ್ಟು ಗಂಭೀರವಲ್ಲ. ಗಿಟ್ ಮರ್ಜ್‌ಟೂಲ್ ಕಾನ್‌ಫ್ಲಿಕ್ಟ್ ಬಿಡಿಸಿದ ಪ್ರತಿ ಫೈಲಿಗೂ ಡಾಟ್ ಒರಿಗ್ ಅನ್ನುವ ಬಾಲ ಹಚ್ಚಿ ಹಳೆಯ ಪ್ರತಿ ಇಡುತ್ತದೆ. ನಡುವೆ ಕಿಟಕಿ ಮುಚ್ಚಿದರೆ ಬೇಸ್, ಲೋಕಲ್, ರಿಮೋಟ್, ಬ್ಯಾಕಪ್ ಅಂತ ಹೆಸರಿರುವ ತಾತ್ಕಾಲಿಕ ಫೈಲುಗಳೂ ಉಳಿಯಬಹುದು. ಅಬಾರ್ಟ್ ಇವುಗಳನ್ನು ಮುಟ್ಟುವುದಿಲ್ಲ, ಇಂಡೆಕ್ಸ್‌ನಲ್ಲಿ ಇವು ಯಾವತ್ತೂ ಇರಲಿಲ್ಲವಲ್ಲ. ಮರ್ಜ್‌ಟೂಲ್.ಕೀಪ್‌ಬ್ಯಾಕಪ್ ಅನ್ನು ಫಾಲ್ಸ್ ಮಾಡಿದರೆ ಒರಿಗ್ ಕಾಟ ತಪ್ಪುತ್ತದೆ. ಕೆಲವರು ಒರಿಗ್ ಅನ್ನು ಗಿಟ್‌ಇಗ್ನೋರ್‌ಗೆ ಸೇರಿಸುತ್ತಾರೆ. ಅದು ಕಸವನ್ನು ಚಾಪೆ ಕೆಳಗೆ ತಳ್ಳಿದ ಹಾಗೆಯೇ. ಸ್ಟೇಟಸ್‌ನಲ್ಲಿ ಕಾಣುವುದಿಲ್ಲ, ಸಾದಾ ಕ್ಲೀನ್‌ಗೂ ಸಿಗುವುದಿಲ್ಲ.

ಸಬ್‌ಮಾಡ್ಯೂಲ್ ತಂದ ಮರ್ಜ್ ವಾಪಸ್ ತೆಗೆದರೆ ಅದರ ಇಡೀ ಫೋಲ್ಡರ್ ಉಳಿಯುವುದು ಮಾಮೂಲು. ಒಳಗೆ ಬೇರೆಯದೇ ರೆಪಾಸಿಟರಿ ಇರುವುದರಿಂದ ಒಂದು -ಎಫ್‌ಗೆ ಕ್ಲೀನ್ ಬಗ್ಗುವುದಿಲ್ಲ, ಎರಡು ಸಲ ಎಫ್ ಕೊಡಬೇಕು. ಕೊಡುವ ಮೊದಲು ಒಳಗೆ ಹೋಗಿ ಪುಶ್ ಆಗದ (ಸರ್ವರಿಗೆ ಕಳಿಸದ) ಕಮಿಟ್ ಇದೆಯೇ ನೋಡಿ. ಡಾಟ್ ಗಿಟ್ ಒಳಗಿನ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಅದರ ಇನ್ನೊಂದು ಪಾಲು ಕೂತಿರುತ್ತದೆ, ಅದನ್ನು ಕ್ಲೀನ್ ಮುಟ್ಟುವುದಿಲ್ಲ. ಇನ್ನು ವಿಂಡೋಸ್‌ನಲ್ಲಿ ಎಡಿಟರ್ ಅಥವಾ ಸರ್ವರ್ ಹಿಡಿದುಕೊಂಡಿರುವ ಫೈಲನ್ನು ಅಳಿಸಲಾಗದೆ ಗಿಟ್ ಮತ್ತೆ ಪ್ರಯತ್ನಿಸಲೇ ಅಂತ ಕೇಳುತ್ತದೆ. ಬೇಸತ್ತು ಬೇಡ ಅಂದರೆ ಆ ಫೈಲ್ ಉಳಿಯಿತು. ಎಡಿಟರ್ ಮುಚ್ಚಿ ವಾಪಸ್ ತೆಗೆಯಿರಿ, ಅಷ್ಟೇ.

ಮರ್ಜ್ ಆಗಲೇ ಪುಶ್ ಆಗಿದ್ದರೆ ರೀಸೆಟ್ ಬೇಡ, ಬೇರೆಯವರ ಕೆಲಸ ಅದರ ಮೇಲೆ ನಿಂತಿರುತ್ತದೆ. ಗಿಟ್ ರಿವರ್ಟ್ -ಎಂ 1 ಬಳಸಿ. ಇದು ಅಳಿಸುವುದನ್ನೇ ಹೊಸ ಕಮಿಟ್ ಆಗಿ ಬರೆಯುತ್ತದೆ. ಪುಲ್ ಮಾಡಿದ ಎಲ್ಲರ ಡಿಸ್ಕಿನಿಂದಲೂ ಮರ್ಜ್ ತಂದ ಫೈಲುಗಳು ಕ್ರಮವಾಗಿ ಹೋಗುತ್ತವೆ. ಇಗ್ನೋರ್ ಆದ ಕಸ ಮಾತ್ರ ಅವರವರಲ್ಲಿ ಉಳಿಯುತ್ತದೆ. ಆದರೆ ಇಲ್ಲಿ ಬೇರೆ ಬಗೆಯ ಉಳಿಕೆ ಇದೆ. ಪೇಮೆಂಟ್ ಬ್ರಾಂಚ್ ಮರ್ಜ್ ಆಗಿದೆ ಅನ್ನುವ ಸಂಗತಿ ಇತಿಹಾಸದಲ್ಲಿ ಉಳಿದಿದೆ. ಬ್ರಾಂಚನ್ನು ಸರಿಪಡಿಸಿ ಮತ್ತೆ ಮರ್ಜ್ ಮಾಡಿದರೆ ಹೊಸ ಕಮಿಟ್ಟುಗಳಷ್ಟೇ ಬರುತ್ತವೆ, ರಿವರ್ಟ್ ಅಳಿಸಿದ ಹಳೆಯ ಫೈಲುಗಳು ಬರುವುದಿಲ್ಲ. ಮೊದಲು ಆ ರಿವರ್ಟ್ ಕಮಿಟ್ಟನ್ನೇ ರಿವರ್ಟ್ ಮಾಡಿ, ಆಮೇಲೆ ಮರ್ಜ್ ಮಾಡಬೇಕು. 2008ರ ಡಿಸೆಂಬರಿನಲ್ಲಿ ಗಿಟ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಮತ್ತು ಅದರ ಉಸ್ತುವಾರಿ ಜುನಿಯೊ ಹಮಾನೊ ಇದನ್ನು ಬಿಡಿಸಿ ಬರೆದ ವಿವರಣೆ ಇವತ್ತಿಗೂ ಗಿಟ್‌ನ ದಾಖಲೆಗಳಲ್ಲಿದೆ.

ಬೇರೆ ವ್ಯವಸ್ಥೆಗಳಲ್ಲೂ ತತ್ವ ಇದೇ, ಪಟ್ಟಿಯಲ್ಲಿದ್ದರೆ ಹೋಗುತ್ತದೆ, ಇಲ್ಲದಿದ್ದರೆ ಉಳಿಯುತ್ತದೆ. ಸಬ್‌ವರ್ಷನ್‌ನಲ್ಲಿ ನೀವೇ ಆ್ಯಡ್ ಮಾಡಿದ ಹೊಸ ಫೈಲನ್ನು ರಿವರ್ಟ್ ಮಾಡಿದರೆ ಅದು ಡಿಸ್ಕಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹೊತ್ತು ಕೂರುತ್ತದೆ. 1.9 ಆವೃತ್ತಿಯಿಂದ ಎಸ್‌ವಿಎನ್ ಕ್ಲೀನಪ್ --ರಿಮೂವ್-ಅನ್‌ವರ್ಷನ್ಡ್ ಇವನ್ನು ತೆಗೆಯುತ್ತದೆ. ಮರ್ಕ್ಯುರಿಯಲ್‌ನಲ್ಲಿ ಆ ಕೆಲಸ ಪರ್ಜ್‌ನದು. ಎರಡೂ ಕಡೆ ಗಿಟ್ ಕ್ಲೀನ್‌ನಷ್ಟೇ ಎಚ್ಚರ ಬೇಕು.

ಮರ್ಜ್ ಬಗ್ಗೆ ಮೊದಲೇ ಅನುಮಾನ ಇದ್ದರೆ ನಿಮ್ಮ ಫೋಲ್ಡರಿನಲ್ಲಿ ಮಾಡಲೇಬೇಡಿ. ಕಾನ್‌ಫ್ಲಿಕ್ಟ್ ಬರುತ್ತದೆಯೇ ಅಂತ ತಿಳಿದರೆ ಸಾಕು ಅನ್ನುವವರಿಗೆ ಗಿಟ್ ಮರ್ಜ್-ಟ್ರೀ --ರೈಟ್-ಟ್ರೀ ಇದೆ. 2022ರ 2.38 ಆವೃತ್ತಿಯಲ್ಲಿ ಬಂದ ಇದು ಡಿಸ್ಕಿನ ಫೈಲುಗಳನ್ನು ಮುಟ್ಟದೆ ಮರ್ಜ್ ಮಾಡಿ ಫಲಿತಾಂಶ ಹೇಳುತ್ತದೆ. ಓಡಿಸಿ ನೋಡಬೇಕು ಅಂದರೆ ಗಿಟ್ ವರ್ಕ್‌ಟ್ರೀ ಆ್ಯಡ್ --ಡಿಟ್ಯಾಚ್ ಅಂತ ಪಕ್ಕದಲ್ಲೊಂದು ಫೋಲ್ಡರ್ ತೆರೆದು ಅಲ್ಲಿ ಮರ್ಜ್ ಮಾಡಿ. ಬಿಲ್ಡ್, ಟೆಸ್ಟ್ ಎಲ್ಲ ಅಲ್ಲೇ ಆಗಲಿ. ಬೇಡವಾದರೆ ಗಿಟ್ ವರ್ಕ್‌ಟ್ರೀ ರಿಮೂವ್. ಒಳಗೆ ಅನ್‌ಟ್ರ್ಯಾಕ್ಡ್ ಫೈಲ್ ಏನಾದರೂ ಇದ್ದರೆ ಅದು ಮೊದಲ ಸಲ ಒಪ್ಪುವುದಿಲ್ಲ. ಒಳಗೊಮ್ಮೆ ಕಣ್ಣಾಡಿಸಿ, ಆಮೇಲೆ --ಫೋರ್ಸ್ ಕೊಡಿ.